ಕಾರ್ಟೂನುಗಳಲ್ಲಿ ಶ್ರೇಷ್ಠವಾದುದು ಯಾವುದು?

ಕಳೆದ ವರ್ಷದ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘವು ಮಕ್ಕಳಿಗೆಂದು ಒಂದು ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದ್ದುದು ವಾಚಕರಲ್ಲಿ ಅನೇಕರ ನೆನಪಿನಲ್ಲಿರಬಹುದು. ವಿಷಯವನ್ನು ಮಕ್ಕಳೇ ಆರಿಸಿಕೊಳ್ಳಲಿ ಎಂದು ಕಾರ್ಯಕಾರೀ ಸಮಿತಿಯು ಔದಾರ್ಯ ತೋರಿಸಿತು. ಮಕ್ಕಳು ಆರಿಸಿಕೊಂಡ ವಿಷಯ ಇದು: ‘ಟೆಲಿವಿಷನ್ನಿನ ಕಾರ್ಟೂನು ಧಾರಾವಾಹಿಗಳಲ್ಲಿ ಸರ್ವಶ್ರೇಷ್ಠವಾದುದು ಯಾವುದು?’ ಗಂಟೆ ಬಾರಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಬ್ಯಾಂಕಿನ ಗುಮಾಸ್ತನಿಗೆ ಗಡಿಯಾರ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದು ಕಾರ್ಯದರ್ಶಿಗಳು ವಿನೋದ ಮಾಡಿದರು.

ನನ್ನ ಗಂಟೆಯನ್ನು ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬ ಹುಡುಗನು ‘ಸಿಂಪ್ಸನ್ಸ್’ ಎಂದನು. ಒಬ್ಬ ಹುಡುಗಿ ‘ಅವತಾರ್’ ಎಂದಳು. ಮತ್ತೊಬ್ಬಳು ‘ಡೋರೇಮಾನ್’ ಎಂದಳು. ಎಲ್ಲರಿಗಿಂತ ಚಿಕ್ಕವನು ಎದ್ದು ನಿಂತು ‘ಛೋಟಾ ಭೀಮ್’ ಎಂದು ಕೂಗಿ, ಅದಕ್ಕೆ ಕಾರಣವನ್ನು ಹೇಳದೆಯೇ ಕುಳಿತುಬಿಟ್ಟನು. ಗದ್ದಲವು ಮಿತಿಮೀರಿದಾಗ ಸಂಘದ ಹಿರಿಯರೊಬ್ಬರು ಎದ್ದು, “ಪಂಪ ಕುಮಾರವ್ಯಾಸರ ಹೆಸರು ಹೇಳಬೇಕಾದ ವೇದಿಕೆಯ ಮೇಲೆ ಬೆಕ್ಕು ಇಲಿಗಳ ಮಾತೇ?” ಎಂದು ನೊಂದು ನುಡಿದರು. ಅವರ ನೋವು ಸುಳ್ಳಾದುದಲ್ಲ. ಆದರೆ ನನಗೆ ಅದಕ್ಕಿಂತ ಹೆಚ್ಚಾಗಿ ನಾಟಿದ ಸಂಗತಿ ಬೇರೊಂದು. ನನ್ನ ಅಕ್ಕನ ಮಗ, ಹನ್ನೊಂದು ವರ್ಷದವನು, ಕನ್ನಡದಲ್ಲಿಯೇ ತನ್ನ ವಾದವನ್ನು ಆರಂಭಿಸಿದನು. ನಾಲ್ಕು ವಾಕ್ಯ ಸರಾಗವಾಗಿ ಸಾಗಿತು. ಐದನೆಯದರಲ್ಲಿ ತಡೆದು ನಿಂತನು, ಹಿಂದಿಗೆ ಹೊರಳಿದನು, ನಿಯಮವು ನೆನಪಾಗಿ ಬಾಯಿ ಮುಚ್ಚಿದನು. ಕೆಳಗಿಳಿದು ಬಂದು ನನ್ನ ಪಕ್ಕದಲ್ಲಿ ಕುಳಿತು, “ಮಾಮಾ, ಇದನ್ನ ಕನ್ನಡದಾಗ ಹೆಂಗ ಹೇಳೂದು?” ಎಂದು ಕೇಳಿದನು.

ಹಿರಿಯರ ಪ್ರಶ್ನೆ ಒಂದು, ಹುಡುಗನ ಪ್ರಶ್ನೆ ಒಂದು. ಎರಡಕ್ಕೂ ನನ್ನ ಅಲ್ಪಮತಿಗೆ ತೋಚಿದ ಉತ್ತರವನ್ನು ಈ ಲೇಖನದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಕಲಾವಿಮರ್ಶಕನಲ್ಲ, ಜಮಾ ಖರ್ಚು ಬರೆಯುವವನು. ಆದುದರಿಂದ ಕಥೆಯನ್ನು ಹಣದ ಕಡೆಯಿಂದಲೇ ಆರಂಭಿಸಿದರೆ ವಾಚಕರು ಮನ್ನಿಸಬೇಕು. ಈ ಕಲೆಯ ಇತಿಹಾಸವೂ ನಿಜವಾಗಿ ಅಲ್ಲಿಂದಲೇ ಆರಂಭವಾಗುತ್ತದೆ.

ಸಿನಿಮಾ ಸುರುಳಿಯಲ್ಲಿ ಒಂದು ಸೆಕೆಂಡಿಗೆ ೨೪ ಚಿತ್ರಗಳು ಓಡುತ್ತವೆ. ಏಳು ನಿಮಿಷದ ಒಂದು ಕಾರ್ಟೂನಿಗೆ ೧೦,೦೮೦ ಚಿತ್ರಗಳಾದುವು. ಬರೆದ ಒಂದೊಂದು ಚಿತ್ರವನ್ನು ಎರಡೆರಡು ಸಲ ಹಿಡಿದು ಉಳಿತಾಯ ಮಾಡಿದರೂ ಐದು ಸಾವಿರಕ್ಕೆ ಕಡಮೆಯಾಗದು. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಇಬ್ಬರು ೧೯೪೦ರಿಂದ ಎಂ.ಜಿ.ಎಂ. ಕಂಪನಿಯಲ್ಲಿ ಕುಳಿತು ‘ಟಾಮ್ ಅಂಡ್ ಜೆರ್ರಿ’ಯನ್ನು ತಯಾರಿಸಿದುದು ಈ ರೀತಿಯ ಧಾರಾಳದಿಂದ. ಆ ಬೆಕ್ಕು ಇಲಿಗಳಿಗೆ ಏಳು ಆಸ್ಕರ್ ಬಹುಮಾನಗಳು ಬಂದುವು. ಆದರೂ ೧೯೫೭ರಲ್ಲಿ ಕಂಪನಿಯು ತನ್ನ ಕಾರ್ಟೂನು ವಿಭಾಗವನ್ನು ಮುಚ್ಚಿತು. ಹಳೆಯ ಚಿತ್ರಗಳನ್ನೇ ಮತ್ತೆ ಥಿಯೇಟರುಗಳಿಗೆ ಕಳುಹಿಸಿದರೆ ಹೊಸದರಷ್ಟೇ ಹಣ ಬರುವುದಾದರೆ ಹೊಸದನ್ನು ಮಾಡುವುದೇತಕ್ಕೆ ಎಂಬುದು ಮಾಲೀಕರ ಲೆಕ್ಕ. ಏಳು ಬಹುಮಾನ ತಂದವರು ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು.

ಅವರಿಗೆ ಉಳಿದಿದ್ದುದು ಟೆಲಿವಿಷನ್ನಿನ ಬಾಗಿಲೊಂದೇ. ಅಲ್ಲಿ ಕೊಡುವ ಹಣ ಹಿಂದಿನದರಲ್ಲಿ ಒಂದು ಸಣ್ಣ ಪಾಲು. ಕೇಳುವ ಸರಕು ಮಾತ್ರ ವಾರವಾರವೂ ಬೇಕು. ಆಗ ಅವರು ಹಿಡಿದ ದಾರಿಯೇ ಇಂದಿಗೂ ಈ ಕಲೆಯ ಹೆದ್ದಾರಿ. ಚಲನೆಯನ್ನು ಕಡಮೆ ಮಾಡಿ ಮಾತನ್ನು ಹೆಚ್ಚು ಮಾಡಿದರು. ದೇಹವನ್ನು ನಿಲ್ಲಿಸಿ ಬಾಯಿ ಕಣ್ಣುಗಳನ್ನಷ್ಟೇ ಅಲುಗಾಡಿಸಿದರು. ೧೯೫೮ರಲ್ಲಿ ಬಂದ ‘ಯೋಗಿ’ ಎಂಬ ಕರಡಿಯ ಕೊರಳಿಗೆ ಕಾಲರು ಟೈಗಳನ್ನು ಏತಕ್ಕೆ ಕಟ್ಟಿದ್ದಾರೆ ಎಂದು ನೀವು ಯೋಚಿಸಿದ್ದುಂಟೇ? ಅದು ಅಲಂಕಾರವಲ್ಲ. ಕಾಲರಿನ ಗೆರೆಯಲ್ಲಿ ತಲೆಯನ್ನು ದೇಹದಿಂದ ಬೇರ್ಪಡಿಸಿದರೆ, ತಲೆಯೊಂದನ್ನೇ ಮತ್ತೆ ಮತ್ತೆ ಬರೆದರೆ ಸಾಕು. ಕೆಳಗಿನ ದೇಹದ ಚಿತ್ರ ಒಂದೇ. ಉಳಿತಾಯದ ಈ ಯುಕ್ತಿಯನ್ನು ಕಂಡಾಗ ನನ್ನಂಥ ಗುಮಾಸ್ತನಿಗೆ ಕೈ ಮುಗಿಯಬೇಕೆನಿಸುತ್ತದೆ.

೧೯೬೦ನೆಯ ಸೆಪ್ಟೆಂಬರ್ ೩೦ರಂದು ಇದೇ ಇಬ್ಬರ ‘ಫ್ಲಿಂಟ್‌ಸ್ಟೋನ್ಸ್’ ಅಮೆರಿಕೆಯ ಎ.ಬಿ.ಸಿ. ವಾಹಿನಿಯಲ್ಲಿ ಆರಂಭವಾಯಿತು. ಶಿಲಾಯುಗದ ಒಂದು ಮಧ್ಯಮವರ್ಗದ ಕುಟುಂಬದ ಕಥೆ. ಗಂಡನು ಕಲ್ಲುಗಣಿಯಲ್ಲಿ ಕೂಲಿ, ಹೆಂಡತಿ ಜಾಣೆ, ನೆರೆಯವನು ಜೀವದ ಗೆಳೆಯ. ಮಕ್ಕಳ ಹೊತ್ತಿನಲ್ಲಲ್ಲ, ದೊಡ್ಡವರು ಊಟ ಮುಗಿಸಿ ಕುಳಿತುಕೊಳ್ಳುವ ರಾತ್ರಿಯ ಹೊತ್ತಿನಲ್ಲಿ ಇದು ಬರುತ್ತಿತ್ತು. ಮೊದಲ ವರ್ಷಗಳಲ್ಲಿ ಇದರ ಪ್ರಾಯೋಜಕರು ಒಂದು ಸಿಗರೇಟು ಕಂಪನಿಯವರು ಎಂದರೆ ಇದು ಯಾರಿಗಾಗಿ ಮಾಡಿದ್ದು ಎಂಬುದು ತಿಳಿಯುತ್ತದೆ. ೧೯೬೬ರ ವರೆಗೆ ೧೬೬ ಕಂತುಗಳು ನಡೆದುವು. ಕಾರ್ಟೂನು ಎಂದರೆ ಮಕ್ಕಳಾಟಿಕೆ ಎಂಬ ಮಾತನ್ನು ನಮ್ಮ ಹಿರಿಯರು ಇಂದು ಹೇಳುವುದಕ್ಕೆ ಅರುವತ್ತು ವರ್ಷ ಮೊದಲೇ ಅದು ಸುಳ್ಳಾಗಿತ್ತು.

ಇನ್ನು ಜಪಾನಿನ ಕಡೆಗೆ ಬರೋಣ. ಒಸಾಮು ತೆಜುಕಾ ಎಂಬುವರು ವೈದ್ಯಕೀಯವನ್ನು ಓದಿ, ವೈದ್ಯರಾಗದೆ, ಚಿತ್ರಕಥೆ ಬರೆಯುವುದನ್ನೇ ಜೀವನವಾಗಿ ಮಾಡಿಕೊಂಡವರು. ಮುಂದೆ ನಮ್ಮ ಗೌತಮ ಬುದ್ಧನ ಜೀವನವನ್ನು ಬಹು ಸಂಪುಟಗಳ ಚಿತ್ರಕಥೆಯಾಗಿ ಬರೆದವರೂ ಇವರೇ. ೧೯೬೩ನೆಯ ಜನವರಿ ೧ರಂದು ಇವರ ‘ತೆತ್ಸುವಾನ್ ಆಟಮ್’, ಎಂದರೆ ನಮ್ಮ ಮಕ್ಕಳಿಗೆ ಗೊತ್ತಿರುವ ‘ಆಸ್ಟ್ರೋ ಬಾಯ್’, ಫುಜಿ ವಾಹಿನಿಯಲ್ಲಿ ಆರಂಭವಾಯಿತು. ವಾರಕ್ಕೆ ಅರ್ಧ ಗಂಟೆ, ನಾಲ್ಕು ವರ್ಷ, ೧೯೩ ಕಂತು. ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ವಿಜ್ಞಾನಿಯೊಬ್ಬನು ಆ ಮಗನ ರೂಪಿನ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಆದರೆ ಯಂತ್ರವು ಬೆಳೆಯುವುದಿಲ್ಲವೆಂದು ಸಿಟ್ಟಾಗಿ ಅದನ್ನು ಮಾರಿಬಿಡುತ್ತಾನೆ. ಕಥೆಯ ಮೂಲದಲ್ಲಿ ಇರುವುದು ಈ ದುಃಖ.

ಅವರ ಕಾರ್ಯಾಲಯದಲ್ಲಿ ಒಂದು ಚಿತ್ರವನ್ನು ಮೂರು ಸಲ ಹಿಡಿಯುತ್ತಿದ್ದರು. ಎಂದರೆ ಸೆಕೆಂಡಿಗೆ ಎಂಟೇ ಚಿತ್ರ. ಅಷ್ಟೇ ಅಲ್ಲದೆ, ಒಮ್ಮೆ ಬರೆದ ಹಾರಾಟ, ಓಟ, ಮುಖಭಾವಗಳನ್ನು ಎಸೆಯದೆ ವಿಂಗಡಿಸಿ ಕಾಪಾಡಿಟ್ಟು, ಮುಂದಿನ ಕಂತುಗಳಲ್ಲಿ ಬೇಕಾದಾಗ ತೆಗೆದು ಬಳಸುತ್ತಿದ್ದರು. ಈ ಸಂಗ್ರಹಕ್ಕೆ ಅವರು ಇಟ್ಟ ಹೆಸರು ‘ಬ್ಯಾಂಕ್’! ಜಪಾನಿನ ಚಿತ್ರಕಾರರಲ್ಲಿ ಈ ಮಾತು ಇಂದಿಗೂ ಬಳಕೆಯಲ್ಲಿದೆ. ನಮ್ಮ ಕಸುಬಿನ ಹೆಸರಿಗೆ ಇಷ್ಟು ಮರ್ಯಾದೆ ಬೇರೆಲ್ಲಿಯೂ ದೊರೆತುದನ್ನು ನಾನು ಕಾಣೆ.

ಆದರೆ ಇಲ್ಲಿಯೇ ದೊಡ್ಡ ಜಗಳವೊಂದು ಹುಟ್ಟಿಕೊಂಡಿತು. ತೆಜುಕಾ ಅವರು ತಮ್ಮ ಧಾರಾವಾಹಿಯನ್ನು ತಯಾರಿಕೆಯ ಖರ್ಚಿಗಿಂತ ಕಡಮೆ ಬೆಲೆಗೆ ಮಾರಿ, ನಷ್ಟವನ್ನು ಆಟಿಕೆ ಮುಂತಾದುವುಗಳ ಮಾರಾಟದಿಂದ ತುಂಬಿಕೊಂಡರು. ಮುಂದೆ ಬಂದ ಚಿತ್ರಕಾರರೆಲ್ಲ ಅದೇ ಅಗ್ಗದ ದರಕ್ಕೆ ದುಡಿಯಬೇಕಾಯಿತು ಎಂಬುದು ಆಪಾದನೆ. ೧೯೮೯ರಲ್ಲಿ ತೆಜುಕಾ ತೀರಿಕೊಂಡಾಗ ಎಲ್ಲರೂ ಹೊಗಳಿ ಬರೆಯುತ್ತಿರಲು, ಹಯಾವೊ ಮಿಯಾಜಾಕಿಯವರು ಮಾತ್ರ ಅನಿಮೇಷನ್ನಿನ ಮಟ್ಟಿಗೆ ತೆಜುಕಾ ಮಾಡಿದುದು ಸರಿಯಲ್ಲವೆಂದು ಬರೆದರು. ಅತ್ತ ಹನ್ನಾ ಬಾರ್ಬೆರಾ ಅವರ ಮೇಲೆಯೂ ಇಂಥದೇ ದೂರು ಇದೆ. ಈ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಅಗ್ಗದ ದರವನ್ನು ಒಪ್ಪಿಕೊಂಡವನ ಸಾಲವನ್ನು ಅವನ ಹಿಂದೆ ಬಂದವರು ತೀರಿಸಬೇಕಾಗುತ್ತದೆ. ಆದರೂ ಕೇಳುತ್ತೇನೆ: ಅವರು ಒಪ್ಪಿಕೊಳ್ಳದೆ ಇದ್ದಿದ್ದರೆ ವಾರವಾರವೂ ಮನೆಯೊಳಗೆ ಬರುವ ಕಾರ್ಟೂನು ಎಂಬುದು ಅಷ್ಟು ಬೇಗ ಹುಟ್ಟುತ್ತಿತ್ತೇ? ಶ್ರೇಷ್ಠವಾದುದು ಯಾವುದು ಎಂಬ ಚರ್ಚೆಗೆ ಆಗ ವಸ್ತುವೇ ಇರುತ್ತಿರಲಿಲ್ಲ.

ಅಗ್ಗವಾದುದೆಲ್ಲ ಕೀಳಲ್ಲ ಎಂಬುದನ್ನು ಜಪಾನಿನವರೇ ೧೯೭೪ರಲ್ಲಿ ತೋರಿಸಿಕೊಟ್ಟರು. ಇಸಾವೊ ತಕಾಹಾತಾ ಅವರ ನಿರ್ದೇಶನದ ‘ಹೈಡಿ’ ಎಂಬ ೫೨ ಕಂತುಗಳ ಧಾರಾವಾಹಿ ಅದೇ ವರ್ಷ ಬಂದಿತು. ಅದೇ ಮಿಯಾಜಾಕಿಯವರು ಇದರ ದೃಶ್ಯಗಳ ವಿನ್ಯಾಸವನ್ನು ಮಾಡಿದರು. ಯೋಹಾನಾ ಸ್ಪಿರಿ ಎಂಬ ಸ್ವಿಸ್ ಲೇಖಕಿಯ ಕಥೆಯಿದು. ತಂದೆತಾಯಿಗಳಿಲ್ಲದ ಹುಡುಗಿಯೊಬ್ಬಳು ಬೆಟ್ಟದ ಮೇಲೆ ಒಂಟಿಯಾಗಿರುವ ಮುದುಕ ಅಜ್ಜನ ಬಳಿ ಬೆಳೆಯುತ್ತಾಳೆ. ಆಮೇಲೆ ಅವಳನ್ನು ಫ್ರಾಂಕ್‌ಫರ್ಟ್ ನಗರದ ಶ್ರೀಮಂತರ ಮನೆಗೆ ಒಯ್ದಾಗ, ಬೆಟ್ಟದ ಹಂಬಲದಿಂದ ನಿದ್ದೆಯಲ್ಲಿ ಎದ್ದು ನಡೆಯುವ ಕಾಯಿಲೆಗೆ ಬೀಳುತ್ತಾಳೆ. ಈ ಕಂತುಗಳನ್ನು ಮಾಡುವುದಕ್ಕೆ ಮೊದಲು ಚಿತ್ರಕಾರರು ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿಯ ಗುಡ್ಡ, ಹುಲ್ಲು, ಮನೆಗಳನ್ನು ಕಣ್ಣಾರೆ ನೋಡಿ ಬಂದರು. ಇದರಲ್ಲಿ ಯುದ್ಧವಿಲ್ಲ, ರಾಕ್ಷಸನಿಲ್ಲ. ಬೆಂಕಿಯ ಮುಂದೆ ಹಿಡಿದ ಗಿಣ್ಣು ಮೆಲ್ಲನೆ ಕರಗುವುದನ್ನು ಒಂದು ಮಗು ನೋಡುತ್ತದೆ, ನೋಡುವವರಿಗೂ ಹಸಿವಾಗುತ್ತದೆ. ಊರು ಬಿಟ್ಟು ನಗರದಲ್ಲಿ ನೆಲೆಸಿದ ನಮ್ಮಂಥವರ ಎದೆಯಲ್ಲಿ ಈ ಕಥೆ ಯಾವ ತಂತಿಯನ್ನು ಮೀಟುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಈಗ ಸ್ವಂತದ ಒಂದು ಮಾತಿಗೆ ಅವಕಾಶ ಕೊಡಬೇಕು. ನಮ್ಮ ಅಪ್ಪನವರು ಗದಗಿನ ಕಡೆಯಿಂದ ಮುಂಬಯಿಗೆ ಬಂದವರು. ಚಾಳಿನ ಒಂದೂವರೆ ಕೋಣೆಯಲ್ಲಿ ನಾವು ಆರು ಜನ. ೧೯೯೩ರಲ್ಲಿ ದೂರದರ್ಶನದವರು ಭಾನುವಾರದ ಬೆಳಗಿನಲ್ಲಿ ‘ಜಂಗಲ್ ಬುಕ್’ ತೋರಿಸತೊಡಗಿದಾಗ ನಾನು ಐದು ವರ್ಷದವನು. ಕಿಪ್ಲಿಂಗನು ೧೮೯೪ರಲ್ಲಿ ಪ್ರಕಟಿಸಿದ, ಮಧ್ಯಪ್ರದೇಶದ ಸಿವನಿಯ ಕಾಡಿನಲ್ಲಿ ನಡೆಯುವ ಕಥೆಯನ್ನು ಜಪಾನಿನವರು ೧೯೮೯ರಲ್ಲಿ ೫೨ ಕಂತುಗಳಾಗಿ ಚಿತ್ರಿಸಿದ್ದರು. ನಮ್ಮಲ್ಲಿ ಅದಕ್ಕೆ ಹಿಂದಿಯ ಮಾತನ್ನು ಕೂಡಿಸಿದರು. ಶೀರ್ಷಿಕೆಗೀತೆಯನ್ನು ಗುಲ್ಜಾರರು ಬರೆದರು; ವಿಶಾಲ್ ಭಾರದ್ವಾಜರು ರಾಗ ಹಾಕಿದರು; ಶೇರ್ ಖಾನನ ಗುಡುಗು ನಾನಾ ಪಾಟೇಕರರ ಕಂಠದಿಂದ ಬಂದಿತು. ಇಂಗ್ಲಿಷಿನವನ ಕಥೆ, ಜಪಾನಿನವರ ಕುಂಚ, ಹಿಂದಿಯ ನಾಲಗೆ, ನಮ್ಮ ದೇಶದ ಕಾಡು. ಚಾಳಿನಲ್ಲಿ ಟಿವಿ ಇದ್ದ ಮನೆಗಳ ಬಾಗಿಲಲ್ಲೆಲ್ಲ ಆ ಹೊತ್ತಿಗೆ ಚಪ್ಪಲಿಗಳ ರಾಶಿ.

ನಮ್ಮ ಆಯಿಗೆ, ಎಂದರೆ ಅಪ್ಪನ ತಾಯಿಗೆ, ಹಿಂದಿ ಬರುತ್ತಿರಲಿಲ್ಲ. ಆಕೆ ಗೋಡೆಗೆ ಒರಗಿ ಕುಳಿತು, ಅವರೆಕಾಳು ಬಿಡಿಸುತ್ತ, “ಏನಂದ್ನೋ ತಮ್ಮಾ ಆ ಹುಲಿ?” ಎಂದು ಕೇಳುವಳು. ನಾನು ಕಣ್ಣನ್ನು ತೆರೆಯ ಮೇಲಿಂದ ತೆಗೆಯದೆ, “ಹುಡುಗನ್ನ ಕೊಡ್ರಿ ಅಂತೈತಿ. ತೋಳ ಕೊಡೂದಿಲ್ಲ ಅಂತೈತಿ” ಎನ್ನುವೆನು. “ಯಾಕ ಕೊಡೂದಿಲ್ಲ?” ಎಂದು ಆಯಿಯ ಮರುಪ್ರಶ್ನೆ. ಯಾಕೆ ಎಂಬುದನ್ನು ಕನ್ನಡದಲ್ಲಿ ಹೇಳುವುದು ಐದು ವರ್ಷದವನಿಗೆ ಸುಲಭವಾಗಿರಲಿಲ್ಲ. ಆದರೆ ಹೇಳದೆ ಗತ್ಯಂತರವಿರಲಿಲ್ಲ. ಸಂಜೆ ಆಯಿ ಅದೇ ಕಥೆಯನ್ನು ಚಾಳಿನ ಹೆಂಗಸರಿಗೆ ತಿರುಗಿ ಹೇಳುವಾಗ ಅಕೇಲಾ ಎಂಬ ಮುದಿ ತೋಳನು ಊರ ಗೌಡನಾಗಿರುತ್ತಿದ್ದನು; ಬಘೀರನು ಕರಿ ಚಿರತಿಯಾಗಿರುತ್ತಿದ್ದನು. “ನಮ್ಮ ಊರಾಗ ತೊಗಲ ಗೊಂಬಿ ಆಟ ಆಡತಿದ್ರಲ್ಲ, ಹಂಗ ಇದು. ಅಲ್ಲಿ ದೀಪ ಹಿಂದ, ಇಲ್ಲಿ ದೀಪ ಒಳಗ” ಎಂದು ಆಕೆ ಹೇಳುತ್ತಿದ್ದುದು ನನಗೆ ಇಂದೂ ಕೇಳಿಸುತ್ತದೆ. ಅನಿಮೇಷನ್ನಿನ ಬಗ್ಗೆ ಆಮೇಲೆ ನಾನು ಓದಿದ ಯಾವ ವ್ಯಾಖ್ಯೆಯೂ ಇದಕ್ಕಿಂತ ಅಚ್ಚುಕಟ್ಟಾಗಿಲ್ಲ. ಪರದೆಯ ಹಿಂದೆ ದೀಪವಿಟ್ಟು ಬಣ್ಣದ ತೊಗಲಿನ ರಾಮ ರಾವಣರನ್ನು ಕುಣಿಸುತ್ತಿದ್ದ ನಮ್ಮ ಶಿಳ್ಳೇಕ್ಯಾತರು ಈ ಕಲೆಯ ಹಿರಿಯ ದಾಯಾದಿಗಳೇ ಸರಿ. ೨೦೨೫ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ದೊರೆತ ಸುದ್ದಿಯನ್ನು ಓದಿದಾಗ ಆಯಿ ಇರಬೇಕಾಗಿತ್ತು ಎನಿಸಿತು.

ಇರಲಿ; ಚರ್ಚೆಗೆ ಹಿಂದಿರುಗೋಣ. ಅಂಕಪಟ್ಟಿಗಳನ್ನು ತಯಾರಿಸುವವರಲ್ಲಿ ಬಹುಮಂದಿ ಮೊದಲ ಸ್ಥಾನವನ್ನು ಕೊಡುವುದು ‘ಸಿಂಪ್ಸನ್ಸ್’ಗೆ. ಮ್ಯಾಟ್ ಗ್ರೋನಿಂಗ್ ಎಂಬುವರ ಈ ಕುಟುಂಬ ೧೯೮೭ರಲ್ಲಿ ಬೇರೊಂದು ಕಾರ್ಯಕ್ರಮದ ನಡುವಣ ತುಣುಕುಗಳಾಗಿ ಹುಟ್ಟಿ, ೧೯೮೯ನೆಯ ಡಿಸೆಂಬರ್ ೧೭ರಿಂದ ಸ್ವತಂತ್ರ ಧಾರಾವಾಹಿಯಾಯಿತು. ೧೯೯೯ರ ಕೊನೆಯಲ್ಲಿ ‘ಟೈಮ್’ ಪತ್ರಿಕೆಯು ಇದನ್ನು ಶತಮಾನದ ಅತ್ಯುತ್ತಮ ಟೆಲಿವಿಷನ್ ಧಾರಾವಾಹಿ ಎಂದು ಸಾರಿತು; ಕಾರ್ಟೂನುಗಳಲ್ಲಿ ಮಾತ್ರವಲ್ಲ, ಎಲ್ಲದರಲ್ಲಿಯೂ. ೨೦೧೮ರಲ್ಲಿ ಇದು ಕಂತುಗಳ ಎಣಿಕೆಯಲ್ಲಿ ‘ಗನ್‌ಸ್ಮೋಕ್’ ಎಂಬ ಹಳೆಯ ಧಾರಾವಾಹಿಯ ೬೩೫ರ ದಾಖಲೆಯನ್ನು ದಾಟಿತು. ಸೋಮಾರಿ ತಂದೆ, ಸಹನೆಯ ತಾಯಿ, ತುಂಟ ಮಗ, ಬುದ್ಧಿವಂತೆ ಮಗಳು. ಇವರ ಮೂಲಕ ಶಾಲೆ, ಚರ್ಚು, ಚುನಾವಣೆ, ಪೊಲೀಸು, ಟೆಲಿವಿಷನ್ ಯಾವುದನ್ನೂ ಬಿಡದೆ ನಕ್ಕುಬಿಟ್ಟರು. ಮೊದಲ ಎಂಟೊಂಬತ್ತು ವರ್ಷಗಳ ಕಂತುಗಳಲ್ಲಿ ನಗುವಿನ ಅಡಿಯಲ್ಲಿ ಒಂದು ಮರುಕವಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆಮೇಲಿನವುಗಳಲ್ಲಿ ಅದು ತೆಳುವಾಯಿತು ಎಂಬುದನ್ನೂ ಬಹುಮಂದಿ ಒಪ್ಪುತ್ತಾರೆ.

ಆದರೆ ನಾವು ಈ ಧಾರಾವಾಹಿಯನ್ನು ನೋಡುವಾಗ ಅಪು ಎಂಬ ಅಂಗಡಿಕಾರನ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ೧೯೯೦ರಲ್ಲಿ ಬಂದ ಈ ಪಾತ್ರ ಭಾರತೀಯನದು. ಹೆಸರು ಸತ್ಯಜಿತ್ ರಾಯರ ಚಿತ್ರಗಳ ಅಪುವಿನಿಂದ ಬಂದುದು. ಅವನಿಗೆ ದನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟರು. ಆ ದನಿಯ ಎಳೆತವೇ ನಗೆಯ ಬಂಡವಾಳ. ಅಮೆರಿಕೆಯಲ್ಲಿ ಬೆಳೆದ ಭಾರತೀಯ ಮಕ್ಕಳನ್ನು ಶಾಲೆಯಲ್ಲಿ ಅದೇ ದನಿಯಿಂದ ಕೆಣಕುತ್ತಿದ್ದರು ಎಂಬುದನ್ನು ಹರಿ ಕೊಂಡಬೋಲು ಎಂಬ ಹಾಸ್ಯಗಾರರು ೨೦೧೭ರಲ್ಲಿ ಒಂದು ಸಾಕ್ಷ್ಯಚಿತ್ರದ ಮೂಲಕ ಎತ್ತಿ ತೋರಿಸಿದರು. ೨೦೨೦ರಲ್ಲಿ ಅಜೇರಿಯಾ ಅವರು ತಾವು ಇನ್ನು ಮುಂದೆ ಆ ಪಾತ್ರಕ್ಕೆ ದನಿ ಕೊಡುವುದಿಲ್ಲವೆಂದು ಪ್ರಕಟಿಸಿದರು. ಹೊರನಾಡಿನಲ್ಲಿ ಬಾಳುವವರಿಗೆ ಉಚ್ಚಾರಣೆಯ ಮೇಲಿನ ನಗೆಯ ರುಚಿ ಗೊತ್ತಿದೆ. ಲೋಕಲ್ ಗಾಡಿಯಲ್ಲಿ ನಮ್ಮ ಹಿಂದಿಯನ್ನು ಕೇಳಿ ನಕ್ಕವರು ಎಷ್ಟು ಜನ! ನಾವೂ ಬೇರೆಯವರ ಕನ್ನಡವನ್ನು ಕೇಳಿ ನಕ್ಕಿದ್ದೇವೆ ಎಂಬುದನ್ನು ಕೂಡ ಇಲ್ಲಿಯೇ ಖರ್ಚಿನ ಕಡೆಗೆ ಬರೆದುಬಿಡುವುದು ಒಳ್ಳೆಯದು.

ಇನ್ನು ಮೂರು ಧಾರಾವಾಹಿಗಳ ಹೆಸರನ್ನು ಹೇಳದೆ ಇದ್ದರೆ ನಮ್ಮ ಮಕ್ಕಳು ನನ್ನನ್ನು ಕ್ಷಮಿಸಲಾರರು. ೧೯೯೨ರಲ್ಲಿ ಬಂದ ‘ಬ್ಯಾಟ್‌ಮನ್’ ಮೊದಲನೆಯದು. ಬ್ರೂಸ್ ಟಿಮ್ ಮತ್ತು ಎರಿಕ್ ರಾಡೋಮ್ಸ್ಕಿ ಅವರ ನೇತೃತ್ವದಲ್ಲಿ ಇದರ ಹಿನ್ನೆಲೆಗಳನ್ನು ಬಿಳಿಯ ಕಾಗದದ ಬದಲು ಕಪ್ಪು ಕಾಗದದ ಮೇಲೆ ಬರೆದರು. ಬೆಳಕಿನ ಮೇಲೆ ನೆರಳನ್ನು ಬರೆಯುವುದು ಲೋಕದ ರೂಢಿ. ಇವರು ಕತ್ತಲೆಯ ಮೇಲೆ ಬೆಳಕನ್ನು ಬರೆದರು. ಕಾಯಿಲೆಯ ಹೆಂಡತಿಯನ್ನು ಉಳಿಸಲು ಹೋಗಿ ತಾನೇ ಹಿಮಗಟ್ಟಿದ ಖಳನಾಯಕನೊಬ್ಬನ ಕಂತು ಇದರಲ್ಲಿದೆ. ಇಪ್ಪತ್ತೆರಡು ನಿಮಿಷದಲ್ಲಿ ವೀರರಸವು ಕರುಣರಸವಾಗಿ ತಿರುಗುವುದನ್ನು ನೋಡಬೇಕೆಂಬ ರಸಿಕರು ಅದನ್ನು ನೋಡಬೇಕು. ೧೯೯೫ರಲ್ಲಿ ಜಪಾನಿನಲ್ಲಿ ಆರಂಭವಾದ ಹಿದೆಯಾಕಿ ಅನ್ನೋ ಅವರ ‘ಇವಾಂಗೆಲಿಯನ್’ ಎರಡನೆಯದು. ದೈತ್ಯ ಯಂತ್ರಗಳ ಯುದ್ಧವೆಂದು ಆರಂಭವಾಗಿ, ತಂದೆಯ ಪ್ರೀತಿ ಸಿಗದ ಹುಡುಗನೊಬ್ಬನ ಮನಸ್ಸಿನೊಳಗೆ ಹೋಗಿ ನಿಲ್ಲುತ್ತದೆ. ೨೬ ಕಂತುಗಳಲ್ಲಿ ಕಡೆಯ ಎರಡರ ಅರ್ಥವೇನೆಂಬ ಜಗಳ ಇನ್ನೂ ತೀರಿಲ್ಲ.

ಮೂರನೆಯದು ‘ಅವತಾರ್’. ಮೈಕೇಲ್ ಡಿಮಾರ್ಟಿನೋ ಮತ್ತು ಬ್ರಯನ್ ಕೊನಿಯೆಟ್ಸ್ಕೋ ಎಂಬ ಇಬ್ಬರು ಅಮೆರಿಕೆಯವರು ೨೦೦೫ರಿಂದ ೨೦೦೮ರ ವರೆಗೆ ೬೧ ಕಂತುಗಳಲ್ಲಿ ಇದನ್ನು ಹೇಳಿದರು. ಹೆಸರು ಸಂಸ್ಕೃತದ್ದು, ಮತ್ತೆ ಮತ್ತೆ ಹುಟ್ಟಿ ಬರುವ ನಾಯಕನ ಕಲ್ಪನೆಯೂ ನಮ್ಮ ಕಡೆಯದು. ನೀರು, ನೆಲ, ಬೆಂಕಿ, ಗಾಳಿಗಳನ್ನು ಆಳುವ ನಾಲ್ಕು ಜನಾಂಗಗಳ ಕೈವರಸೆಗಳಿಗೆ ಚೀನೀಯರ ನಾಲ್ಕು ಬೇರೆ ಬೇರೆ ಯುದ್ಧಕಲೆಗಳು ಆಧಾರ. ಎರಡನೆಯ ಭಾಗದಲ್ಲಿ ಗುರು ಪಾಥಿಕ್ ಎಂಬ ವೃದ್ಧನು ನಾಯಕನಿಗೆ ಚಕ್ರಗಳ ಪಾಠವನ್ನು ಹೇಳುತ್ತಾನೆ. ನಾಯಕನು ಏರಿ ಹಾರುವ ಆರು ಕಾಲಿನ ಪ್ರಾಣಿಯ ಹೆಸರು ‘ಅಪ್ಪ’! ನಮ್ಮ ಮನೆಗಳಲ್ಲಿ ಈ ಹೆಸರು ಕೇಳಿಬಂದಾಗಲೆಲ್ಲ ಅಡಿಗೆಮನೆಯಿಂದ ನಗು ಏಳುತ್ತದೆ. ಹಿಂಸೆ ಒಲ್ಲದ ಹುಡುಗನೊಬ್ಬನು ಕ್ರೂರಿಯಾದ ಅರಸನನ್ನು ಕೊಲ್ಲದೆ ಗೆಲ್ಲಬಲ್ಲನೇ ಎಂಬ ಪ್ರಶ್ನೆ ಮೊದಲಿನಿಂದ ಕೊನೆಯ ವರೆಗೆ ಬಿಗಿಯಾಗಿ ನಡೆಯುತ್ತದೆ. ಉತ್ತರ ದೊರೆತಾಗ ಕಥೆ ನಿಲ್ಲುತ್ತದೆ. ೨೦೦೮ನೆಯ ಸಾಲಿನ ಪೀಬಡಿ ಪ್ರಶಸ್ತಿ ಇದಕ್ಕೆ ಬಂದಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ‘ಅವತಾರ್’, ‘ಸಿಂಪ್ಸನ್ಸ್’ ಎರಡರ ಚಿತ್ರಗಳನ್ನೂ ಬಹುಮಟ್ಟಿಗೆ ಬರೆದವರು ದಕ್ಷಿಣ ಕೊರಿಯದ ಕೆಲಸಗಾರರು. ಅಮೆರಿಕೆಯಲ್ಲಿ ಕಥೆ, ಕೊರಿಯದಲ್ಲಿ ಕೈಕೆಲಸ. ಶ್ರೇಷ್ಠತೆಯ ಪಟ್ಟಿಗಳಲ್ಲಿ ಆ ಕೈಗಳ ಹೆಸರು ಬರುವುದಿಲ್ಲ. ಮುಂಬಯಿಯ ಕಟ್ಟಡಗಳ ಮೇಲೆ ಗಾರೆ ಕೆಲಸದವರ ಹೆಸರು ಇರುವುದಿಲ್ಲವಷ್ಟೆ, ಹಾಗೆಯೇ ಇದು.

ಹಾಗಾದರೆ ತೀರ್ಪೇನು? ಒಂದು ಅಳತೆಗೋಲು ಇಲ್ಲದೆ ತೂಗುವುದು ನ್ಯಾಯವಲ್ಲ. ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಮೊದಲನೆಯದು: ನಟರನ್ನು ನಿಲ್ಲಿಸಿ ತೆಗೆದಿದ್ದರೆ ಇದು ಹೀಗೆಯೇ ಆಗುತ್ತಿತ್ತೇ, ಅಥವಾ ಗೆರೆಯೇ ಬೇಕಾಗಿತ್ತೇ? ಎರಡನೆಯದು: ಒಂದೇ ಚಾಪೆಯ ಮೇಲೆ ಕುಳಿತ ಮೊಮ್ಮಗನಿಗೂ ಅಜ್ಜಿಗೂ ಇಬ್ಬರಿಗೂ ಇದರಲ್ಲಿ ಪಾಲಿದೆಯೇ? ಮೂರನೆಯದು: ಹೇಳಬೇಕಾದುದನ್ನು ಹೇಳಿ ನಿಲ್ಲಿಸುವ ಧೈರ್ಯ ಇದಕ್ಕಿದೆಯೇ? ‘ಸಿಂಪ್ಸನ್ಸ್’ ಮೊದಲೆರಡರಲ್ಲಿ ಗೆದ್ದು ಮೂರನೆಯದರಲ್ಲಿ ಸೋಲುತ್ತದೆ. ಎಂದೂ ಮುಚ್ಚದ ಖಾತೆಯ ಲಾಭನಷ್ಟವನ್ನು ಯಾರು ಬರೆಯಬಲ್ಲರು? ‘ಇವಾಂಗೆಲಿಯನ್’ ಎರಡನೆಯದರಲ್ಲಿ ಎಡವುತ್ತದೆ. ‘ಫ್ಲಿಂಟ್‌ಸ್ಟೋನ್ಸ್’ ದಾರಿ ಮಾಡಿಕೊಟ್ಟಿತು. ಆದರೆ ದಾರಿ ಮಾಡಿದವನೂ ಗುರಿ ಮುಟ್ಟಿದವನೂ ಒಬ್ಬನೇ ಆಗಬೇಕಾಗಿಲ್ಲ. ಮೂರರಲ್ಲಿಯೂ ತೇರ್ಗಡೆಯಾಗುವುವು ನನ್ನ ದೃಷ್ಟಿಯಲ್ಲಿ ‘ಹೈಡಿ’ ಮತ್ತು ‘ಅವತಾರ್’. ಇವೆರಡರಲ್ಲಿ ಒಂದನ್ನೇ ಹೇಳಬೇಕೆಂದು ಮಕ್ಕಳು ಹಟ ಹಿಡಿದರೆ, ಕಥೆಯ ಹರಹಿಗಾಗಿ ನಾನು ‘ಅವತಾರ್’ ಎನ್ನುತ್ತೇನೆ. ಭಿನ್ನಾಭಿಪ್ರಾಯಕ್ಕೆ ಯಥೇಚ್ಛ ಅವಕಾಶವುಂಟು. ಗಂಟೆ ಮಾತ್ರ ಈ ಸಲವೂ ನನ್ನ ಕೈಯಲ್ಲಿರುತ್ತದೆ.

ನಮ್ಮ ದೇಶದ ಲೆಕ್ಕವೇನು ಎಂದು ಕೇಳಬಹುದು. ೧೯೮೬ರಲ್ಲಿ ದೂರದರ್ಶನದಲ್ಲಿ ಬಂದ ‘ಗಾಯಬ್ ಆಯಾ’ ಭಾರತದ ಮೊದಲ ಅನಿಮೇಷನ್ ಧಾರಾವಾಹಿಯೆಂದು ಹೆಸರಾಗಿದೆ. ೨೦೦೮ರಲ್ಲಿ ಹೈದರಾಬಾದಿನ ರಾಜೀವ್ ಚಿಲಕಾ ಅವರ ಸಂಸ್ಥೆಯಿಂದ ಹೊರಟ ‘ಛೋಟಾ ಭೀಮ್’ ಮನೆಮನೆಯನ್ನು ಹೊಕ್ಕಿತು. ಅದನ್ನು ಜಗತ್ತಿನ ಶ್ರೇಷ್ಠವಾದುವುಗಳ ಸಾಲಿನಲ್ಲಿ ಇಡಲಾರೆ. ಆದರೆ ಲಾಡು ತಿಂದು ಬಲ ಬರುವ ನಾಯಕನು ನಮ್ಮ ಮಕ್ಕಳಿಗೆ ದೊರೆತುದು ಸಣ್ಣ ಮಾತಲ್ಲ. ಕನ್ನಡದಲ್ಲಿಯೋ, ಪರಭಾಷೆಯ ಕಥೆಗಳಿಗೆ ಕನ್ನಡದ ಮಾತನ್ನು ಕೂಡಿಸುವುದರ ವಿರುದ್ಧ ಚಿತ್ರರಂಗದಲ್ಲಿ ಬಹುಕಾಲ ಕಟ್ಟುಪಾಡಿತ್ತು. ೨೦೦೯ರಲ್ಲಿ ಚಿಂಟು ಟಿವಿ ಎಂಬ ಮಕ್ಕಳ ವಾಹಿನಿ ಬಂದ ಮೇಲೆ ಕನ್ನಡ ಮಾತನಾಡುವ ಕಾರ್ಟೂನುಗಳು ನಾಡಿನ ಮಕ್ಕಳಿಗೆ ಸಿಕ್ಕವು. ಕಟ್ಟುಪಾಡು ಸರಿಯಲ್ಲವೆಂದು ೨೦೧೫ರಲ್ಲಿ ಸ್ಪರ್ಧಾ ಆಯೋಗವು ತೀರ್ಪು ಕೊಟ್ಟಿತು. ಕಟ್ಟುಪಾಡಿಗೂ ಅದರ ಕಾಲದಲ್ಲಿ ಕಾರಣಗಳಿದ್ದುವು. ಕೆಲಸಗಾರರ ಹೊಟ್ಟೆಯ ಪ್ರಶ್ನೆ ಅದರಲ್ಲಿತ್ತು. ಆದರೆ ಆ ವರ್ಷಗಳಲ್ಲಿ ಹುಲಿ, ಕರಡಿ, ಯಂತ್ರಮಾನವರೆಲ್ಲ ನಮ್ಮ ಮಕ್ಕಳ ಕಿವಿಯಲ್ಲಿ ಹಿಂದಿ ಇಂಗ್ಲಿಷುಗಳನ್ನೇ ಆಡಿದರು ಎಂಬುದೂ ನಿಜ.

ಈಗ ಅಕ್ಕನ ಮಗನ ಪ್ರಶ್ನೆಗೆ ಬರುತ್ತೇನೆ. ಅವನಿಗಿಂತ ನನ್ನ ಕನ್ನಡ ಗಟ್ಟಿಯಾಗಿರುವುದಕ್ಕೆ ಕಾರಣ ನಾನು ಜಾಣನೆಂಬುದಲ್ಲ. ನಾನು ನೋಡಿದ್ದೂ ಹಿಂದಿಯ ಕಾರ್ಟೂನನ್ನೇ, ಓದಿದ್ದೂ ಇಂಗ್ಲಿಷಿನಲ್ಲಿಯೇ. ವ್ಯತ್ಯಾಸ ಇಷ್ಟೇ: ನನ್ನ ಹಿಂದೆ ಗೋಡೆಗೆ ಒರಗಿ, “ಏನಂದ್ನೋ ತಮ್ಮಾ?” ಎಂದು ಕೇಳುವವಳೊಬ್ಬಳಿದ್ದಳು. ಅವನು ನೋಡುವುದು ಅಂಗೈಯ ಫೋನಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು, ಒಬ್ಬನೇ. ಕೇಳುವವರಿಲ್ಲದೆ ಹೇಳುವವನು ಎಲ್ಲಿಂದ ಬರಬೇಕು? ತಪ್ಪು ಕಾರ್ಟೂನಿನದಲ್ಲ. ಹಿರಿಯರಲ್ಲಿ ನಾನು ವಿನಯಪೂರ್ವಕವಾಗಿ ಬಿನ್ನವಿಸುವುದು ಇದನ್ನೇ: ಬೆಕ್ಕು ಇಲಿಗಳನ್ನು ವೇದಿಕೆಯಿಂದ ಓಡಿಸಿದರೆ ಪಂಪನು ಬಂದು ಕುಳಿತುಕೊಳ್ಳುವುದಿಲ್ಲ. ಬೆಕ್ಕು ಇಲಿಗಳ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲ ಮಗುವು ನಾಳೆ ಪಂಪನ ಮನೆಯ ಬಾಗಿಲನ್ನಾದರೂ ತಟ್ಟೀತು.

ಆ ಚರ್ಚಾಸ್ಪರ್ಧೆಯ ಮರುವಾರದಿಂದ ಭಾನುವಾರ ಬೆಳಗಿನ ಹೊತ್ತು ಅಕ್ಕನ ಮಗನು ನಮ್ಮ ಮನೆಗೆ ಬರುತ್ತಾನೆ. ‘ಅವತಾರ್’ ನೋಡುತ್ತಾನೆ. ಇಂಗ್ಲಿಷು ಬಾರದ ನಮ್ಮ ಅವ್ವ ಅವನ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ, ಆಯಿಯ ಪ್ರಶ್ನೆಯನ್ನೇ ಕೇಳುತ್ತಾಳೆ. ಮೊದಲ ವಾರ ಅವನು ಸಿಡುಕಿದನು. ಎರಡನೆಯ ವಾರ ಅರ್ಧ ಹೇಳಿದನು. ಈಗ ಇಪ್ಪತ್ತನೆಯ ಕಂತನ್ನು ದಾಟಿದ್ದಾರೆ. ಬೆಂಕಿಯ ನಾಡಿನ ಬಹಿಷ್ಕೃತ ರಾಜಕುಮಾರನ ಮೇಲೆ ಅವ್ವನಿಗೆ ಬಹಳ ಮರುಕ. “ಅಪ್ಪನ ಕೈಲೆ ಮಾರಿ ಸುಡಿಸಿಕೊಂಡೈತಿ ಪಾಪ ಕೂಸು, ಸಿಟ್ಟು ಬರದ ಏನ ಮಾಡತೈತಿ?” ಎಂದಳ೦ತೆ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಬರೆಯಲು ನನಗೆ ಸಾಧ್ಯವಿಲ್ಲ.

ಈ ವರ್ಷದ ಸ್ಪರ್ಧೆಗೆ ಸಮಿತಿಯವರಲ್ಲಿ ನನ್ನದೊಂದು ಸೂಚನೆ. ಶ್ರೇಷ್ಠವಾದುದು ಯಾವುದು ಎಂಬ ವಾದವನ್ನು ಮಕ್ಕಳು ಮಾಡಲಿ. ಆದರೆ ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಒಂದು ಕಂತಿನ ಕಥೆಯನ್ನು ಅದನ್ನು ನೋಡದ ಹಿರಿಯರೊಬ್ಬರಿಗೆ ಕನ್ನಡದಲ್ಲಿ ಹೇಳಲಿ. ಹಿರಿಯರು ಕೇಳಿ, ನಡುನಡುವೆ “ಯಾಕೆ?” ಎನ್ನಲಿ. ಕಳೆದ ವರ್ಷ ಎದ್ದು ನಿಂತು ನೊಂದುಕೊಂಡ ಹಿರಿಯರನ್ನೇ ಮೊದಲ ಕುರ್ಚಿಯಲ್ಲಿ ಕುಳ್ಳಿರಿಸಬೇಕೆಂದು ನನ್ನ ಆಸೆ. ಅವರೆದುರು ನಿಲ್ಲಲು ಅಕ್ಕನ ಮಗನು ಈಗಾಗಲೇ ಹೆಸರು ಕೊಟ್ಟಿದ್ದಾನೆ.